ಬದುಕಿನ ತೀರ್ಮಾನಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದೇನೆ, ಉಪದೇಶವಾಗುತ್ತಿದೆ. ಏನು ಮಾಡಲಿ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಜಿಲ್ಲೆಯವನು, ಸಹಕಾರಿ ಬ್ಯಾಂಕೊಂದರ ಸಾಲ ವಿಭಾಗದಲ್ಲಿದ್ದು ನಿವೃತ್ತನಾದವನು. ಜನ ದೊಡ್ಡ ದೊಡ್ಡ ತೀರ್ಮಾನ ಮಾಡುವುದನ್ನು ಮೇಜಿನ ಈಚೆ ಕೂತು ನೋಡಿದ್ದೇ ನನ್ನ ನೌಕರಿ. ಮಗಳ ಮದುವೆಗೆ ತೋಟ ಅಡ ಇಡುವವರು, ಭಾವಮೈದುನನ ಲಾರಿ ಸಾಲಕ್ಕೆ ಜಾಮೀನು ನಿಲ್ಲುವವರು, ಇದ್ದ ಎರಡೆಕರೆ ಮಾರಿ ಬೆಂಗಳೂರಲ್ಲಿ ಸೈಟು ಕೊಳ್ಳುವವರು. ಮೊಮ್ಮಕ್ಕಳಿಗೆ, ತಮ್ಮಂದಿರ ಮಕ್ಕಳಿಗೆ ಉಪಯೋಗವಾಗಲಿ ಅಂತ ಒಂದು ಪುಸ್ತಕ ಬರೆಯಲು ಹೊರಟಿದ್ದೇನೆ. ಮಾರಾಟಕ್ಕಲ್ಲ, ಮನೆಯ ಮಟ್ಟಿಗೆ.

ಏಳು ಅಧ್ಯಾಯ ಆಗಿದೆ. "ಆತುರ ಬೇಡ", "ಓದಿ ಸಹಿ ಹಾಕು", "ಹಾಸಿಗೆ ಇದ್ದಷ್ಟು ಕಾಲು ಚಾಚು", ತಲೆಬರಹಗಳು ಹೀಗೆ. ಮಗಳಿಗೆ ಓದಲು ಕೊಟ್ಟೆ. "ಅಪ್ಪ, ಕ್ಯಾಲೆಂಡರ್ ಹಾಳೆಯ ಕೆಳಗೆ ಬರೋ ನುಡಿಮುತ್ತಿನ ಹಾಗಿದೆ" ಅಂದಳು. ಓದಿ ನೋಡಿದರೆ ನನಗೂ ಹಾಗೇ ಅನ್ನಿಸುತ್ತಿದೆ. ಬರೆದು ಅಭ್ಯಾಸ ಇರುವವರು ದಾರಿ ಹೇಳಿ.

ಪೇಡಾನಗರಿ

ಸರ, ನಿಮ್ಮ ಮಗಳು ಖರೇನ ಹೇಳ್ಯಾಳ. ಆತುರ ಬ್ಯಾಡ ಅನ್ನೂದು ಯಾರಿಗೆ ಗೊತ್ತಿಲ್ರೀ? ಗೊತ್ತಿದ್ದೂ ಮಾಡ್ತೀವಲ್ಲ, ಅದು ಹೆಂಗ ಆಗತೈತಿ ಅಂತ ಬರೀರಿ. ಆ ಲಾರಿ ಜಾಮೀನಿನ ಮನಶ್ಯಾನ್ನ ತಗೋರಿ. ಅವಗ ತಿಳಿದಿದ್ದಿಲ್ಲೇನು? ತಿಳಿದಿರತೈತಿ. ಹೆಂಡತಿ ತಮ್ಮ ಪಡಸಾಲ್ಯಾಗ ಕುಂತಾನ, ಹೆಂಡತಿ ಒಳಗ ಚಾ ಕಾಸಾಕತ್ತಾಳ, ಯಾರದೂ ಮಾತಿಲ್ಲ. ಆ ಹೊತ್ತಿನ್ಯಾಗ "ಆಗೂದಿಲ್ಲ" ಅನ್ನಾಕ ಎಷ್ಟು ಗಟ್ಟಿ ಇರಬೇಕು! ನಿಮ್ಮ ಪುಸ್ತಕದಾಗ ಆ ಚಾ ಬರಬೇಕ್ರಿ.

ಕರಿಕೋಟು

ಚಹಾದ ಜೊತೆ ಸ್ವಲ್ಪ ಕಾನೂನೂ ಇರಲಿ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ನನ್ನ ಕಕ್ಷಿದಾರರಲ್ಲಿ ಹತ್ತಕ್ಕೆ ಒಂಬತ್ತು ಜನ "ಮೊದಲು ಅವನ ಆಸ್ತಿ ಹರಾಜಾಗಲಿ, ಸಾಲದಿದ್ದರೆ ನನ್ನ ಹತ್ರ ಬರಲಿ" ಅಂತ ನಂಬಿಕೊಂಡೇ ಬರುತ್ತಾರೆ. ಹಾಗೇನೂ ಇಲ್ಲ, ಬ್ಯಾಂಕು ನೇರವಾಗಿ ಜಾಮೀನುದಾರನ ಮೇಲೇ ಹೋಗಬಹುದು ಎಂದು ಸುಪ್ರೀಂ ಕೋರ್ಟು 1969ರಷ್ಟು ಹಿಂದೆಯೇ, ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ, ಹೇಳಿಯಾಗಿದೆ.

"ಓದಿ ಸಹಿ ಹಾಕು" ಅನ್ನುವ ಬದಲು ಈ ಒಂದು ಪ್ಯಾರಾ ಹಾಕಿ ಸಾರ್. ಉಪದೇಶದ ಜಾಗದಲ್ಲಿ ಮಾಹಿತಿ ಬಂದರೆ ಮೊಮ್ಮಕ್ಕಳು ಬೈಯೋದಿಲ್ಲ.

ತುಂಗಾತೀರ

ಇಬ್ಬರಿಗೂ ಧನ್ಯವಾದ. ಕಲಮಿನ ವಿಷಯ ನಮಗೆ ಕಂಠಪಾಠ. ಹೇಳುತ್ತಲೂ ಇದ್ದೆವು. "ಸುಮ್ನೆ ಒಂದು ಫಾರ್ಮಾಲಿಟಿ ಅಲ್ವಾ ಸಾರ್" ಅಂತ ನಗುತ್ತಲೇ ಸಹಿ ಹಾಕುತ್ತಿದ್ದರು. ಆದ್ದರಿಂದ ಮಾಹಿತಿ ಕೊಟ್ಟರೆ ಸಾಕು ಅಂತಲೂ ನನಗೆ ಅನ್ನಿಸುವುದಿಲ್ಲ. ಚಹಾದ ಮಾತು ಮಾತ್ರ ತಲೆಯಲ್ಲಿ ಕೂತಿದೆ.

ಬಯಲುಸೀಮೆ

ಹಿರಿಯೂರು ಕಡೆಯ ರೈತ. ನನ್ನದೊಂದು ಪ್ರಶ್ನೆ. ಒಳ್ಳೆ ತೀರ್ಮಾನ ಅಂದ್ರೆ ಯಾವುದು?

ನಾನು ಬೋರ್ ಕೊರೆಸೋಕೆ ಮುಂಚೆ ಭೂವಿಜ್ಞಾನಿನ ಕರೆಸಿ ಮೀಟರ್ ಇಡಿಸಿ ಪಾಯಿಂಟ್ ಮಾಡಿಸ್ದೆ. ಸುತ್ತಮುತ್ತಲ ಬೋರ್‌ಗಳು ಎಷ್ಟಡಿಗೆ ನೀರು ಕೊಟ್ಟಿವೆ ಅಂತ ಕೇಳಿ ಬರ್ಕೊಂಡೆ. ಇಷ್ಟಡಿ ದಾಟಿದ್ರೆ ನಿಲ್ಲಿಸಬೇಕು ಅಂತ ಮೊದಲೇ ಗೆರೆ ಹಾಕ್ಕೊಂಡೆ, ಆ ಗೆರೆಗೇ ನಿಲ್ಲಿಸಿದೆ. ಬರೀ ಧೂಳು. ಪಕ್ಕದ ಹೊಲದವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ನಡೆಯೋರನ್ನ ಕರೆಸಿದ್ರು, ಕಾಯಿ ಎದ್ದು ನಿಂತ ಕಡೆ ಕೊರೆಸಿದ್ರು, ಎರಡೂವರೆ ಇಂಚು ನೀರು. ಅವತ್ತಿಂದ ಊರಲ್ಲಿ ಬುದ್ಧಿವಂತ ಅಂದ್ರೆ ಅವರು. ಸೊಸೈಟಿ ಚುನಾವಣೆಗೂ ನಿಂತ್ರು, ಗೆದ್ದರು.

ನೀವು ಪುಸ್ತಕದಲ್ಲಿ ಯಾರ ತೀರ್ಮಾನ ಒಳ್ಳೇದು ಅಂತ ಬರೀತೀರಿ?

ಪೇಡಾನಗರಿ

ಎರಡೂವರಿ ಇಂಚು ಬಂದೈತಿ ಅಂದ್ಮ್ಯಾಗ ಕಾಯಿನೇ ಬರೀರಿ 😀

ಪಾಠದಕೋಣೆ

ಬಯಲುಸೀಮೆ ಅವರ ಪ್ರಶ್ನೆಯೇ ಈ ಪುಸ್ತಕದ ಮೊದಲ ಅಧ್ಯಾಯವಾಗಬೇಕು ಅಂತ ನನಗನ್ನಿಸುತ್ತೆ. ಮೈಸೂರಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುತ್ತೇನೆ, ಸ್ವಲ್ಪ ಉದ್ದವಾದರೆ ಕ್ಷಮಿಸಿ.

1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೆ, ಆಮೇಲೆ ಮಾಸ್ಕೋಗೆ ಹೋದರು. ಹೋಗುವ ಮೊದಲು ಇಸ್ರೇಲಿನಲ್ಲಿ ಬರೂಕ್ ಫಿಶ್‌ಹಾಫ್ ಮತ್ತು ರೂತ್ ಬೇತ್ ಎಂಬ ಸಂಶೋಧಕರು ವಿದ್ಯಾರ್ಥಿಗಳನ್ನು ಕೇಳಿದರು: ನಿಕ್ಸನ್ ಮಾವೋ ಅವರನ್ನು ಭೇಟಿಯಾಗುವ ಸಂಭವ ಎಷ್ಟು, ಇಂಥದ್ದು ಆಗುವ ಸಂಭವ ಎಷ್ಟು, ಅಂಥದ್ದು ಎಷ್ಟು. ಅವರು ಅಂಕಿ ಬರೆದುಕೊಟ್ಟರು. ಪ್ರವಾಸ ಮುಗಿದ ಮೇಲೆ ಅದೇ ವಿದ್ಯಾರ್ಥಿಗಳಿಗೆ "ಅವತ್ತು ನೀವು ಎಷ್ಟು ಅಂತ ಬರೆದಿದ್ದಿರಿ, ನೆನಪು ಮಾಡಿಕೊಳ್ಳಿ" ಅಂದರು. ನಿಜವಾಗಿ ನಡೆದ ಸಂಗತಿಗಳಿಗೆ ತಾವು ಮೊದಲೇ ಹೆಚ್ಚು ಅಂಕಿ ಕೊಟ್ಟಿದ್ದೆವು ಎಂದೇ ಅವರಿಗೆ ನೆನಪು. 1975ರಲ್ಲಿ ಇದು ಪ್ರಕಟವಾಯಿತು. ಯಾರೂ ಸುಳ್ಳು ಹೇಳುತ್ತಿರಲಿಲ್ಲ, ನೆನಪೇ ಸದ್ದಿಲ್ಲದೆ ತಿದ್ದಿಕೊಂಡಿತ್ತು.

ಇನ್ನೊಂದು 1988ರದ್ದು, ಜೊನಾಥನ್ ಬ್ಯಾರನ್ ಮತ್ತು ಜಾನ್ ಹರ್ಶಿ ಮಾಡಿದ್ದು. ರೋಗಿಗೆ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಬೇಕೋ ಬೇಡವೋ ಎಂದು ವೈದ್ಯರು ತೀರ್ಮಾನಿಸುತ್ತಾರೆ. ಅವರ ಕೈಲಿದ್ದ ಮಾಹಿತಿ ಎರಡೂ ಕತೆಯಲ್ಲಿ ಒಂದೇ. ಒಂದರಲ್ಲಿ ರೋಗಿ ಬದುಕುತ್ತಾನೆ, ಇನ್ನೊಂದರಲ್ಲಿ ಸಾಯುತ್ತಾನೆ. ವೈದ್ಯರ ತೀರ್ಮಾನಕ್ಕೆ ಮಾತ್ರ ಅಂಕ ಕೊಡಿ ಎಂದರೆ, ರೋಗಿ ಸತ್ತ ಕತೆಯಲ್ಲಿ ಜನ ಕಡಿಮೆ ಅಂಕ ಕೊಟ್ಟರು. ಹಿರಿಯೂರಿನ ಊರ ಜನ ಮಾಡಿದ್ದೂ ಅದನ್ನೇ.

ಹೀಗಾಗಿ, ತುಂಗಾತೀರ ಅವರೇ, ನಿವೃತ್ತರಾದ ಮೇಲೆ ಹಿಂತಿರುಗಿ ನೋಡಿ ಬರೆಯುವ ಪುಸ್ತಕದಲ್ಲಿ ದೊಡ್ಡ ಅಪಾಯವಿದೆ. ಫಲ ಗೊತ್ತಿದೆ. ಫಲಕ್ಕೆ ತಕ್ಕ ಕಾರಣ ಮನಸ್ಸು ತಾನೇ ಹೊಲಿದುಕೊಡುತ್ತದೆ. ಅದಕ್ಕೇ ಉಪದೇಶವಾಗುತ್ತಿರುವುದು. ಅವತ್ತು ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಎಂಬುದನ್ನು ಮೊದಲು ಬರೆಯಿರಿ. ಹಳೆ ಡೈರಿ, ಪಾಸ್‌ಬುಕ್, ಕಾಗದ ಏನಾದರೂ ಇದ್ದರೆ ತೆಗೆದು ನೋಡಿ. ನೆನಪನ್ನು ನಂಬಬೇಡಿ.

ಬಯಲುಸೀಮೆ

ಮೇಷ್ಟ್ರೇ, ಮನಸ್ಸಿಗೆ ಸಮಾಧಾನ ಆಯ್ತು. ಬೋರಿನ ಸಾಲ ಮಾತ್ರ ಇನ್ನೂ ಇದೆ.

ಕಡಲಕರೆ

ಒಂದು ಮಾತು ಮಾರಾಯ್ರೆ. ಫಲ ಲೆಕ್ಕಕ್ಕೇ ಇಲ್ಲ ಅಂದ್ರೆ ಹೇಗೆ? ಯಾವಾಗ್ಲೂ ಸರಿಯಾಗಿ ಯೋಚನೆ ಮಾಡಿದ್ದೇನೆ ಅಂತ ಹೇಳಿ ಯಾವಾಗ್ಲೂ ನಷ್ಟ ಮಾಡ್ಕೊಳ್ಳುವವರು ನಮ್ಮ ಕುಟುಂಬದಲ್ಲಿ ಒಬ್ಬರಿದ್ದಾರೆ. ಒಂದು ಸಲ ಗ್ರಾಚಾರ ಅಂತ ಬಿಡಬಹುದು. ಪ್ರತೀ ಸಲ ಗ್ರಾಚಾರ ಅಂದ್ರೆ ಯೋಚನೆಯಲ್ಲೇ ಎಂತದೋ ತಪ್ಪುಂಟು ಅಂತ ಅಲ್ವಾ?

ಪಾಠದಕೋಣೆ

ನಿಮ್ಮ ಮಾತು ಸರಿ. ಒಂದೇ ಫಲದಿಂದ ಒಂದು ತೀರ್ಮಾನವನ್ನು ಅಳೆಯಬಾರದು. ಹತ್ತಾರು ಸೇರಿದರೆ ಫಲಗಳೂ ಮಾತಾಡುತ್ತವೆ. ಆದರೆ ಹಾಗೆ ಹೋಲಿಸಿ ನೋಡಲು ಅವತ್ತವತ್ತೇ ಬರೆದಿಟ್ಟಿರಬೇಕು. ನಿಮ್ಮ ಆ ಬಂಧುಗಳು ಬರೆದಿಟ್ಟಿರಲಾರರು.

ಕಡಲಕರೆ

ಬರೆದಿಡುವುದೆಂತ, ಕೇಳಿದ್ರೆ ಈಗ್ಲೂ "ನಾನು ಮೊದಲೇ ಹೇಳಿದ್ದೆ" ಅಂತಾರೆ.

ರೈನ್‌ದಂಡೆ

ಜರ್ಮನಿಯಿಂದ. ಊರು ಸಾಗರದ ಕಡೆ. ಬರೆದಿಡುವ ವಿಷಯಕ್ಕೆ ಎರಡು ಹಳೇ ಉದಾಹರಣೆ ಹೇಳುತ್ತೇನೆ, ನನಗೆ ಇವು ತುಂಬಾ ಇಷ್ಟ.

ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿಗೆ 1772ರಲ್ಲಿ ಶೆಲ್‌ಬರ್ನ್ ಪ್ರಭುವಿನ ಮನೆಯಲ್ಲಿ ಕೆಲಸಕ್ಕೆ ಕರೆ ಬಂತು. ಹೋಗಲೋ ಬೇಡವೋ ಅಂತ ಬೆಂಜಮಿನ್ ಫ್ರಾಂಕ್ಲಿನ್‌ಗೆ ಕಾಗದ ಬರೆದ. ಫ್ರಾಂಕ್ಲಿನ್ ಏನು ಮಾಡಬೇಕು ಅಂತ ಹೇಳಲಿಲ್ಲ, ಹೇಗೆ ತೀರ್ಮಾನಿಸಬೇಕು ಅಂತ ಮಾತ್ರ ಹೇಳಿದ. ಹಾಳೆಯ ನಡುವೆ ಗೆರೆ ಎಳಿ, ಒಂದು ಕಡೆ ಪರ, ಇನ್ನೊಂದು ಕಡೆ ವಿರೋಧ. ಮೂರು ನಾಲ್ಕು ದಿನ ಹೊಳೆದದ್ದನ್ನೆಲ್ಲ ಬರೆಯುತ್ತಾ ಹೋಗು. ಆಮೇಲೆ ತೂಕ ನೋಡು, ಈ ಕಡೆಯ ಒಂದು ಆ ಕಡೆಯ ಎರಡಕ್ಕೆ ಸಮವಾದರೆ ಮೂರನ್ನೂ ಹೊಡೆದುಹಾಕು. ಉಳಿದದ್ದು ನೋಡು. ಪ್ರೀಸ್ಟ್ಲಿ ಹೋದ. ಅಲ್ಲಿದ್ದಾಗಲೇ, 1774ರಲ್ಲಿ, ಆಮ್ಲಜನಕ ಕಂಡುಹಿಡಿದ. ಇದೂ ಫಲ ನೋಡಿ ಹೊಗಳಿದ ಹಾಗಾಯ್ತು, ಮೇಷ್ಟ್ರು ಬೈಯಬಾರದು.

ಇನ್ನೊಂದು ಚಾರ್ಲ್ಸ್ ಡಾರ್ವಿನ್. 1838ರಲ್ಲಿ ಮದುವೆಯಾಗಲೋ ಬೇಡವೋ ಅಂತ ಒಂದು ತುಂಡು ಕಾಗದದಲ್ಲಿ ಎರಡು ಪಟ್ಟಿ ಮಾಡಿದ. ಆಗದಿದ್ದರೆ ಪುಸ್ತಕಕ್ಕೆ ಹಣ, ಕ್ಲಬ್ಬಿನಲ್ಲಿ ಬುದ್ಧಿವಂತರ ಜೊತೆ ಮಾತು. ಆದರೆ ಜೀವನಪೂರ್ತಿ ಜೊತೆಗೊಂದು ಜೀವ, "ನಾಯಿಗಿಂತ ಮೇಲು" ಅಂತಲೂ ಬರೆದುಕೊಂಡಿದ್ದಾನೆ. ಮರುವರ್ಷ ಜನವರಿಯಲ್ಲಿ ಮದುವೆಯಾದ. ಆ ಚೀಟಿ ಇವತ್ತೂ ಓದೋಕೆ ಚೆಂದ ಯಾಕೆ ಅಂದ್ರೆ ಅದರಲ್ಲಿ ಜಾಣತನ ಇಲ್ಲ. ಹೆದರಿಕೆ, ಸಣ್ಣತನ ಎಲ್ಲ ಹಾಗೇ ಇದೆ. ಇಳಿವಯಸ್ಸಿನಲ್ಲಿ ಕೂತು "ನಾನೇಕೆ ಮದುವೆಯಾದೆ" ಅಂತ ಬರೆದಿದ್ದರೆ ನಾಯಿ ಖಂಡಿತ ಬರ್ತಿರಲಿಲ್ಲ.

ನನಗೂ ಈಗ ಅಂಥದ್ದೇ ಒಂದು ಕಾಗದ ಮೇಜಿನ ಮೇಲಿದೆ. 2024ರ ಕಾಯ್ದೆ ಬಂದಮೇಲೆ ಜರ್ಮನಿ ಐದು ವರ್ಷಕ್ಕೆ ಪೌರತ್ವ ಕೊಡುತ್ತೆ, ಹಳೇ ಪೌರತ್ವ ಬಿಡು ಅಂತ ಅವರು ಕೇಳಲ್ಲ. ಬಿಡಿಸೋದು ನಮ್ಮ ದೇಶವೇ, ಇಬ್ಬಗೆ ಪೌರತ್ವ ಭಾರತಕ್ಕೆ ಒಪ್ಪಿಗೆ ಇಲ್ಲ. ಸಾಗರೋತ್ತರ ಪ್ರಜೆ ಕಾರ್ಡು ತಗೊಂಡರೆ ಬಂದು ಹೋಗೋಕೆ ತೊಂದರೆ ಇಲ್ಲ, ಆದರೆ ಕೃಷಿ ಜಮೀನು ಕೊಳ್ಳುವಂತಿಲ್ಲ. ಅಪ್ಪನ ಅಡಿಕೆ ತೋಟ ವಾರಸಿನಲ್ಲಿ ಬಂದರೆ ಇಟ್ಟುಕೊಳ್ಳಬಹುದು. ಪಕ್ಕದ ತೋಟದ ಮೇಲೆ ಕಣ್ಣಿಟ್ಟಿದ್ದೆ, ಅದು "ವಿರೋಧ" ಪಟ್ಟಿಯಲ್ಲಿದೆ. "ಪರ" ಪಟ್ಟಿಯಲ್ಲಿ ವೀಸಾ ಕಚೇರಿಯ ಸಾಲು ತಪ್ಪುತ್ತೆ ಅಂತಿದೆ. ತೂಕ ಸಮ ಅಂತ ಹೇಳೋಕೆ ನಾಚಿಕೆ.

ಹೊಲಿಗೆಮನೆ

ಎಲ್ಲ ಓದಿದೆ. ಹೆಚ್ಚು ಓದಿದವಳಲ್ಲ, ತಪ್ಪಿದ್ರೆ ಹೇಳಿ.

ನೀವೆಲ್ಲ ಗೆರೆ ಎಳೀತಿದ್ದೀರ, ಪಟ್ಟಿ ಮಾಡ್ತಿದ್ದೀರ. ತೀರ್ಮಾನ ನಿಮ್ಮ ಕೈಯಲ್ಲಿದ್ರೆ ತಾನೇ ಪಟ್ಟಿ? ನನ್ನ ಓದು ಎಸ್ಸೆಸ್ಸೆಲ್ಸಿಗೆ ನಿಲ್ಲಿಸಿದ್ದು ಅಪ್ಪ. ಗಂಡು ನೋಡಿದ್ದು ಸೋದರಮಾವ. ಎಲ್ಲಿ ಇರಬೇಕು ಅಂತ ಹೇಳಿದ್ದು ಅತ್ತೆ. ನನ್ನ ಬದುಕಿನ ಬಗ್ಗೆ ತುಂಗಾತೀರ ಸಾರ್ ಥರ ಪುಸ್ತಕ ಬರೆದ್ರೆ ಎಲ್ಲ ಅಧ್ಯಾಯದಲ್ಲೂ ಬೇರೆಯವರ ಹೆಸರೇ ಬರೋದು.

ನಾನೇ ಮಾಡಿದ್ದು ಅಂದ್ರೆ ಎರಡು. ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತಗೊಂಡು ಮಷಿನ್ ಹಾಕಿದ್ದು ಒಂದು. ಇನ್ನೊಂದು ಸಹಿ. 1996ರಲ್ಲಿ ಮದುವೆ ಆಯ್ತು, ಎರಡು ವರ್ಷಕ್ಕೆ ಅಣ್ಣಂದಿರು ಹಕ್ಕು ಬಿಡುಗಡೆ ಪತ್ರ ಮಾಡಿಸಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆಸಿದ್ರು. ಅಕ್ಕನ ಮದುವೆ 1992ರಲ್ಲೇ ಆಗಿತ್ತು, ಅವಳಿಗೆ ಪಾಲಿಲ್ಲವಂತೆ, ನನಗೆ ಇದೆಯಂತೆ, ಅದಕ್ಕೆ ನನ್ನ ಸಹಿ ಬೇಕಂತೆ. ಯಾಕೆ ಅಂತ ಅವತ್ತು ಯಾರೂ ಬಿಡಿಸಿ ಹೇಳಲಿಲ್ಲ.

ಎಲ್ಲರೂ "ಪಾಪ, ಗೊತ್ತಿಲ್ದೆ ಸಹಿ ಹಾಕಿಬಿಟ್ಲು" ಅಂತಾರೆ. ನನಗೆ ಗೊತ್ತಿತ್ತು. ಸಹಿ ಹಾಕದಿದ್ರೆ ತವರಿನ ಬಾಗಿಲು ಮುಚ್ಚುತ್ತೆ ಅಂತಲೂ ಗೊತ್ತಿತ್ತು. ಆಗ ನನಗೆ ಎರಡನೇ ಹೆರಿಗೆ, ಹೋಗೋಕೆ ಬೇರೆ ಮನೆ ಇರಲಿಲ್ಲ. ಜಮೀನು ಕೊಟ್ಟು ಬಾಗಿಲು ಉಳಿಸಿಕೊಂಡೆ. ಇದು ಒಳ್ಳೆ ತೀರ್ಮಾನವೋ ಕೆಟ್ಟದ್ದೋ ನೀವು ಓದಿದವರು ಹೇಳಿ. ಆದ್ರೆ "ಪಾಪ" ಅನ್ನಬೇಡಿ.

ಪೇಡಾನಗರಿ

ಅಕ್ಕಾರ, ಇಲ್ಲಿಗಂಟ ಬಂದಿದ್ದರಾಗ ಇದೊಂದ ಪುಸ್ತಕ ಐತಿ ನೋಡ್ರಿ. ನಾ ಚಾ ಬಗ್ಗೆ ಬರದಿದ್ದು ವಾಪಸ್ ತಗೋತೀನಿ, ನಾನೂ ಆ ಹೆಣ್ಮಗಳ್ನ ಒಳಗಿಟ್ಟ ಕಥಿ ಹೇಳಿದ್ದೆ.

ಕರಿಕೋಟು

ಹೊಲಿಗೆಮನೆ ಅಮ್ಮ, ಅವತ್ತು ಬಿಡಿಸಿ ಹೇಳದಿದ್ದದ್ದನ್ನು ಈಗ ಹೇಳುತ್ತೇನೆ. ಕರ್ನಾಟಕ ಸರ್ಕಾರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಪಾಲು ಕೊಟ್ಟಿತು. ಅದು ಜಾರಿಗೆ ಬಂದದ್ದು 1994ರ ಜುಲೈ 30ರಂದು. ಆದರೆ ಅದಕ್ಕೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತು. ಅದಕ್ಕೇ ಒಂದೇ ಮನೆಯ ಅಕ್ಕ ತಂಗಿಗೆ ಎರಡು ಕಾನೂನು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಬಂದು ಈ ಭೇದ ಹೋಯಿತು. ಆ ದಿನ ತಂದೆ ಬದುಕಿರಬೇಕಿತ್ತೇ ಎಂಬ ಜಗಳವನ್ನು 2020ರಲ್ಲಿ ವಿನೀತಾ ಶರ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮುಗಿಸಿತು, ಬೇಕಿಲ್ಲ ಅಂತ. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ಆಗಿಹೋದ ವಿಭಾಗ, ವಿಲೇವಾರಿಗಳನ್ನು ಹೊಸ ಕಾನೂನು ಅಲುಗಾಡಿಸುವುದಿಲ್ಲ. ನಿಮ್ಮ ಪತ್ರ ಅದಕ್ಕೂ ಹಿಂದಿನದು. ಅಕ್ಕನ ವಿಷಯ ಬೇರೆ, ಕಾಗದ ನೋಡದೆ ಹೇಳಲಾರೆ.

ತುಂಗಾತೀರ ಸಾರ್, ನಿಮ್ಮ ಪುಸ್ತಕಕ್ಕೆ ಒಂದು ಸಲಹೆ. ವಿಷಯವಾರು ಅಧ್ಯಾಯ ಬೇಡ. ಬದುಕಿನಲ್ಲಿ ಎಲ್ಲೆಲ್ಲಿ ಸಹಿ ಹಾಕಿದಿರಿ, ಎಲ್ಲೆಲ್ಲಿ ಹಾಕಲಿಲ್ಲ, ಅದರ ಪ್ರಕಾರ ಬರೆಯಿರಿ. ಪ್ರತಿ ಸಹಿಗೂ ಒಂದು ದಿನಾಂಕ ಇರುತ್ತೆ, ಒಂದು ಕಾಗದ ಇರುತ್ತೆ, ಸುತ್ತ ನಾಲ್ಕು ಜನ ನಿಂತಿರುತ್ತಾರೆ. ಮೇಷ್ಟ್ರು ಹೇಳಿದ ಪುರಾವೆಯೂ ಸಿಕ್ಕಿತು, ಅಕ್ಕ ಹೇಳಿದ "ಬೇರೆಯವರ ಹೆಸರೂ" ಬಂತು.

ಕಡಲಕರೆ

ಬೇರೆಯವರ ಹೆಸರು ಅಂದ್ರಲ್ಲ, ಅಲ್ಲೇ ಕಷ್ಟ ಇರುವುದು. ನಮ್ಮ ದೊಡ್ಡಪ್ಪ ಒಬ್ಬರು ಆತ್ಮಕತೆ ಅಂತ ಅಚ್ಚು ಹಾಕಿಸಿ ಮದುವೆ ಮನೆಯಲ್ಲಿ ಹಂಚಿದ್ರು. ಅದರಲ್ಲಿ ತಂಗಿಯ ಗಂಡ ಸಾಲ ವಾಪಸ್ ಕೊಡ್ಲಿಲ್ಲ ಅಂತ ಒಂದು ಸಾಲು ಇತ್ತು. ಒಂದೇ ಸಾಲು ಮಾರಾಯ್ರೆ. ಎರಡು ಮನೆಯವರು ಈಗ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡುದಿಲ್ಲ. ಹೆಸರು ತೆಗೆದ್ರೂ ಮನೆಯವರಿಗೆ ಯಾರು ಅಂತ ಗೊತ್ತೇ ಆಗ್ತದೆ. ಮನೆಗಾಗಿ ಬರೆಯುವ ಪುಸ್ತಕಕ್ಕೆ ಹೊರಗಿನವರಿಗೆ ಬರೆಯುವುದಕ್ಕಿಂತ ಹೆಚ್ಚು ಜಾಗ್ರತೆ ಬೇಕು. ಬದುಕಿರುವವರಿಗೆ ಅವರ ಭಾಗ ಮೊದಲೇ ಓದಿಸಿ, ಬೇಡ ಅಂದ್ರೆ ತೆಗೀರಿ.

ರೈನ್‌ದಂಡೆ

ಎಲ್ಲರಿಗೂ ಓದಿಸಿ ಎಲ್ಲರೂ ಒಪ್ಪಿದ್ದು ಮಾತ್ರ ಉಳಿದರೆ ಮತ್ತೆ ಕ್ಯಾಲೆಂಡರ್ ಹಾಳೆಯೇ ಆಗುತ್ತೆ.

ಕಡಲಕರೆ

ಆಗ್ಲಿ. ಪಂಕ್ತಿ ಉಳೀತದಲ್ಲ.

ತುಂಗಾತೀರ

ನಾಲ್ಕು ದಿನ ಇಲ್ಲಿಗೆ ಬರಲಿಲ್ಲ, ಹಳೇ ಟ್ರಂಕು ತೆಗೆದು ಕೂತಿದ್ದೆ. ಏಳೂ ಅಧ್ಯಾಯ ಪಕ್ಕಕ್ಕಿಟ್ಟು ಕರಿಕೋಟು ಅವರು ಹೇಳಿದ ಹಾಗೆ ಒಂದು ಸಹಿಯ ಬಗ್ಗೆ, ನಾನು ಹಾಕದ ಸಹಿಯ ಬಗ್ಗೆ, ಬರೆದು ನೋಡಿದೆ. ತಮ್ಮನಿಗೆ ಓದಿ ಹೇಳಿ ಒಪ್ಪಿಗೆ ಪಡೆದೇ ಇಲ್ಲಿ ಹಾಕುತ್ತಿದ್ದೇನೆ. ಅವನು "ಹಾಕು, ಆದರೆ ಅಡಿಕೆ ರೇಟು ಸರಿಯಾಗಿ ಬರಿ" ಅಂದ.

"ತಮ್ಮ ಅಡಿಕೆ ವ್ಯಾಪಾರಕ್ಕೆ ಸಾಲ ಕೇಳಿದ. ನಾನು ಜಾಮೀನು ನಿಲ್ಲಬೇಕಿತ್ತು, ನಮ್ಮ ಬ್ಯಾಂಕಿನಲ್ಲಲ್ಲ, ಬೇರೆ ಕಡೆ. ನನಗೆ ಅವತ್ತು ಗೊತ್ತಿದ್ದದ್ದು: ಅವನು ಆ ವ್ಯಾಪಾರಕ್ಕೆ ಇಳಿದು ಎರಡೇ ಸುಗ್ಗಿ ಆಗಿತ್ತು. ಮಂಡಿಯಲ್ಲಿ ಅವನ ಹೆಸರಿಗೆ ಇದ್ದ ದಾಸ್ತಾನು ಎಷ್ಟು ಅಂತ ಅವನು ಬಾಯಲ್ಲಿ ಹೇಳಿದ್ದ, ಚೀಟಿ ತೋರಿಸಿರಲಿಲ್ಲ. ನನ್ನ ಮಗಳು ಪಿಯುಸಿಗೆ ಸೇರುವವಳಿದ್ದಳು. ಗೊತ್ತಿರದಿದ್ದದ್ದು: ಧಾರಣೆ ಏರುತ್ತದೋ ಇಳಿಯುತ್ತದೋ. ಅದು ಯಾರಿಗೂ ಗೊತ್ತಿರಲಿಲ್ಲ. ಹೆಂಡತಿಯನ್ನು ಕೇಳಿದೆ. 'ಹಾಕಿ, ನಿಮ್ಮ ತಮ್ಮ ಅಲ್ವಾ' ಅಂದಳು. ಅಮ್ಮ ಏನೂ ಹೇಳಲಿಲ್ಲ, ಊಟಕ್ಕೆ ಬಡಿಸುವಾಗ ನನ್ನ ಎಲೆಗೆ ಮಾತ್ರ ಎರಡನೇ ಸಲ ಕೇಳಲಿಲ್ಲ. ನಾನು ಇಲ್ಲ ಅಂದೆ."

ಮುಂದೇನಾಯಿತು ಅಂತಲೂ ಬರೆದಿದ್ದೆ. ಅವನ ವ್ಯಾಪಾರ ಚೆನ್ನಾಗಿ ನಡೆಯಿತು, ಬೇರೆ ಯಾರೋ ಜಾಮೀನು ನಿಂತರು, ಸಾಲ ಅವಧಿಗೆ ಮೊದಲೇ ತೀರಿತು. ನಮ್ಮಿಬ್ಬರ ಮಾತು ಸರಿಹೋಗಲು ಮಾತ್ರ ವರ್ಷಗಳೇ ಬೇಕಾಯಿತು. ಈ ಭಾಗ ಸೇರಿಸಿದ ಕೂಡಲೇ ಮೇಲಿನದೆಲ್ಲ ಸಪ್ಪೆಯಾಗುತ್ತದೆ. "ಛೇ, ಹಾಕಬಹುದಿತ್ತು" ಅಂತ ಓದುವವರಿಗೆ ಅನ್ನಿಸಿಬಿಡುತ್ತದೆ. ತೆಗೆದರೆ ಮೋಸ ಮಾಡಿದಂತೆ. ಏನು ಮಾಡಲಿ?

ಹೊಲಿಗೆಮನೆ

ಎಲೆಗೆ ಎರಡನೇ ಸಲ ಕೇಳಲಿಲ್ಲ ಅನ್ನೋದು ಸಾಕು ಸಾರ್. ಇನ್ನು ಉಪದೇಶ ಬರಲ್ಲ ನಿಮಗೆ. ನಿಮ್ಮ ಮನೆಯವರು "ಹಾಕಿ" ಅಂದಿದ್ದು ಮೊದಲ ಏಳು ಅಧ್ಯಾಯದಲ್ಲಿ ಇತ್ತಾ?

ತುಂಗಾತೀರ

ಇರಲಿಲ್ಲ. "ಹಿರಿಯರನ್ನು ಕೇಳು" ಅಂತ ಒಂದು ಅಧ್ಯಾಯವಿತ್ತು. ಹೆಂಡತಿಯನ್ನು ಕೇಳಿದ್ದು ಎಲ್ಲೂ ಇರಲಿಲ್ಲ. ಅವಳೀಗ ಇದನ್ನು ಓದುತ್ತಿದ್ದಾಳೆ.

ಪಾಠದಕೋಣೆ

ಫಲವನ್ನು ತೆಗೆಯಬೇಡಿ, ದೂರ ಇಡಿ. ಓದುವವರು ತಮ್ಮ ಉತ್ತರ ಹೇಳಿಕೊಂಡ ಮೇಲೆ ಅದು ಸಿಗುವಂತಾದರೆ ಸಾಕು. ಎಲ್ಲ ಫಲಗಳನ್ನೂ ಪುಸ್ತಕದ ಕೊನೆಗೆ ಒಟ್ಟಿಗೆ ಹಾಕಬಹುದು.

ಅಚ್ಚಿನಮನೆ

ಕೊನೆಗೆ ಯಾಕೆ? ಹಾಳೆ ಮಗುಚಿದರೆ ಸಿಗೋ ಹಾಗೆ ಮಾಡಿ. ಮುದ್ರಣದವನು ನಾನು, ಇದುವರೆಗೆ ನಾನು ಮಾತಾಡೋ ವಿಷಯ ಬಂದಿರಲಿಲ್ಲ.

ಪ್ರತಿ ಸಹಿಯನ್ನೂ ಬಲಪುಟದಲ್ಲಿ ಶುರು ಮಾಡಿ, ಆ ಒಂದು ಪುಟದಲ್ಲೇ ಮುಗಿಸಿ. "ನಾನು ಇಲ್ಲ ಅಂದೆ" ಅಥವಾ "ಸಹಿ ಹಾಕಿದೆ" ಅನ್ನೋದು ಕೊನೆ ಸಾಲು. ಏನಾಯ್ತು ಅನ್ನೋದು ಅದೇ ಹಾಳೆಯ ಹಿಂಬದಿ, ಅಂದ್ರೆ ಎಡಪುಟ. ತೆರೆದಿಟ್ಟಾಗ ಎದುರುಬದುರು ಬರಲ್ಲ, ಮಗುಚಲೇಬೇಕು. ಬೇಕಿದ್ದರೆ ಎಡಪುಟದ ಮೇಲರ್ಧ ಖಾಲಿ ಬಿಡಿ, ಓದಿದವರು "ನಾನಾಗಿದ್ದರೆ" ಅಂತ ಪೆನ್ಸಿಲಲ್ಲಿ ಬರ್ಕೊಳ್ಳಲಿ. ಅದಕ್ಕೆ ನುಣುಪು ಕಾಗದ ಬೇಡ, ಮ್ಯಾಪ್‌ಲಿಥೋ ಸಾಕು, ಪೆನ್ಸಿಲ್ ಚೆನ್ನಾಗಿ ಹತ್ತುತ್ತೆ.

ಲೆಕ್ಕ ಹೀಗೆ. ಡೆಮಿ 1/8 ಅಳತೆ ಅಂದ್ರೆ ಒಂದು ಫಾರಂಗೆ (ಅಚ್ಚು ಮಾಡಿ ಮಡಚೋ ದೊಡ್ಡ ಶೀಟು) 16 ಪುಟ. ಒಂದು ಸಹಿಗೆ ಒಂದು ಹಾಳೆ, ಎರಡು ಪುಟ. 30 ಸಹಿ ಅಂದ್ರೆ 60, ಶೀರ್ಷಿಕೆ, ಅರ್ಪಣೆಗೆ 4 ಸೇರಿಸಿ 64. ಸರಿಯಾಗಿ ನಾಲ್ಕು ಫಾರಂ, ಒಂದು ಪುಟವೂ ದಂಡವಿಲ್ಲ. ಮನೆಮಂದಿಗೆ ಐವತ್ತು ಪ್ರತಿ ಸಾಕು ಅಂದ್ರೆ ಆಫ್‌ಸೆಟ್ ಬೇಡ, ಪ್ಲೇಟ್ ಖರ್ಚೇ ಮೈಮೇಲೆ ಬರುತ್ತೆ, ಡಿಜಿಟಲ್ ಮಾಡಿಸಿ. ಮಾರಾಟಕ್ಕಲ್ಲದಿದ್ದರೆ ಐಎಸ್‌ಬಿಎನ್ ತಲೆನೋವೂ ಬೇಡ.

ಒಂದು ಬೇಡಿಕೆ. ದಯವಿಟ್ಟು ಯುನಿಕೋಡಲ್ಲೇ ಟೈಪ್ ಮಾಡಿ ಕೊಡಿ. ಹಳೇ ನುಡಿ ಫಾಂಟಲ್ಲಿ ಕೊಟ್ಟು ಪರಿವರ್ತನೆ ಮಾಡಿದರೆ ಅರ್ಕಾವತ್ತು, ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ. "ತೀರ್ಮಾನ" ಅನ್ನೋ ಪದವೇ ನಿಮ್ಮ ಪುಸ್ತಕದಲ್ಲಿ ನೂರು ಸಲ ಬರುತ್ತೆ, ನೂರು ಸಲವೂ ನಾನು ತಿದ್ದಬೇಕು.

ಬಯಲುಸೀಮೆ

ಬಲಪುಟ ಎಡಪುಟ ಐಡಿಯಾ ಬಹಳ ಹಿಡಿಸ್ತು. ನನ್ನ ಬೋರನ್ನ ಬಲಪುಟದಲ್ಲಿ ಮಾತ್ರ ಹಾಕಿ ಊರಲ್ಲಿ ಓದಿಸ್ತೀನಿ. ಮುಂದಿನ ಸೊಸೈಟಿ ಚುನಾವಣೆ ನಂದೇ.

ಕಲ್ಪತರುನಾಡು

ಹೊಸಬ, ತುಮಕೂರು. ಎರಡು ದಿನದಿಂದ ಮೌನವಾಗಿ ಓದ್ತಿದ್ದೆ. ಮಗಳಿಗೆ ಸಿಇಟಿ ಮೊದಲ ಸುತ್ತಿನಲ್ಲಿ ಸೀಟು ಬಂದಿದೆ. ಬೇಕಾದ ಕೋರ್ಸು, ಆದರೆ ಪಟ್ಟಿಯಲ್ಲಿ ಒಂಬತ್ತನೆಯದಾಗಿ ಹಾಕಿದ್ದ ಕಾಲೇಜು. ನಾಳೆ ಚಾಯ್ಸ್ ಹಾಕೋಕೆ ಕೊನೇ ದಿನ. ನಾನು 1 ಅಂತೀನಿ, ಅಂದ್ರೆ ಇದೇ ಸಾಕು, ಹೋಗಿ ಸೇರೋದು. ಅವಳು 2 ಅಂತಾಳೆ, ಇದನ್ನ ಇಟ್ಕೊಂಡೇ ಮುಂದಿನ ಸುತ್ತಿಗೆ ಹೋಗೋದು. ಅವಳ ಅಮ್ಮ ನನ್ನ ಕಡೆಗೂ ಇಲ್ಲ, ಅವಳ ಕಡೆಗೂ ಇಲ್ಲ.

ಈ ಚರ್ಚೆ ತೋರಿಸಿ "ಬಲಪುಟ ಬರಿ" ಅಂದೆ. ಮಧ್ಯಾಹ್ನದಿಂದ ಬರೀತಿದ್ದಾಳೆ.

ಕರಿಕೋಟು

ಒಂದು ಮುಖ್ಯ ವಿಷಯ ಬರೆದಿದ್ದಾಳಾ ಕೇಳಿ. ಚಾಯ್ಸ್ 2 ಹಾಕಿ, ಮುಂದಿನ ಸುತ್ತಿನಲ್ಲಿ ಅವಳ ಪಟ್ಟಿಯ ಮೇಲಿನ ಯಾವುದಾದರೂ ಸಿಕ್ಕರೆ, ಈಗಿನ ಸೀಟು ತಾನಾಗಿಯೇ ರದ್ದಾಗುತ್ತೆ. "ಅದಕ್ಕಿಂತ ಇದೇ ವಾಸಿ" ಅಂತ ಆಮೇಲೆ ವಾಪಸ್ ಬರೋಕಾಗಲ್ಲ. ಮೇಲಿನ ಎಂಟರಲ್ಲಿ ನಿಜವಾಗಿ ಬೇಡದ್ದು ಯಾವುದೂ ಇಲ್ಲ ತಾನೇ?

ಕಲ್ಪತರುನಾಡು

ಕೇಳಿದೆ. ಅದು ಮೊದಲ ಸಾಲಿನಲ್ಲೇ ಇದೆಯಂತೆ. ಮೇಲಿನ ಎಂಟರಲ್ಲಿ ಮೂರು ಕಾಲೇಜು ಅವಳಿಗೆ ಬೇಕಾಗಿರಲಿಲ್ಲವಂತೆ, "ಅಪ್ಪ ಹೇಳಿದ್ದಕ್ಕೆ ಹಾಕಿದ್ದು" ಅಂತ ಎರಡನೇ ಸಾಲು.

ಹೊಲಿಗೆಮನೆ

ಮೂರನೇ ಸಾಲು ಏನಂತೆ?

ಕಲ್ಪತರುನಾಡು

ಪೂರ್ತಿ ಮುಗಿಯೋವರೆಗೆ ತೋರಿಸಲ್ಲ ಅಂತ ಬಾಗಿಲು ಹಾಕ್ಕೊಂಡಿದ್ದಾಳೆ ಅಕ್ಕ. ಪಾಸ್‌ವರ್ಡೂ ಓಟಿಪಿ ಬರೋ ಫೋನೂ ಅವಳ ಹತ್ರವೇ ಇದೆ.